ಹಳ್ಳಿಯ ಮಕ್ಕಳಿಗೆ ವಿಜ್ಞಾನ: ಒಬ್ಬರು ಹಿಡಿದ ದಾರಿ, ನಮ್ಮ ಸಂಘದ ಹೊಣೆ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ. ಸದಸ್ಯರ ಅಪೇಕ್ಷೆಯಂತೆ ಈ ಸ್ಮರಣ ಸಂಚಿಕೆಗೆ ಬರೆದು ಕೊಟ್ಟಿದ್ದೇವೆ.)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಇದು ಸಣ್ಣ ಮಾತಲ್ಲ. ಮೊದಲು ಷೇರು ಕೂಡಿಸಲು ಮನೆಮನೆಗೆ ಹೋದಾಗ "ರೊಕ್ಕ ಇಸಗೊಂಡು ಓಡಿ ಹೋಗಾಕ ಬಂದಾರ" ಎಂದು ಬಾಗಿಲು ಹಾಕಿಕೊಂಡವರೂ ಇದ್ದರು. ಮಲ್ಲಿಗೆ ಮಾರಿದ ದುಡ್ಡನ್ನು ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟ ತಾಯಂದಿರೂ ಇದ್ದರು. ಆ ಗಂಟಿನ ದುಡ್ಡೇ ಇವತ್ತಿನ ಈ ಕಟ್ಟಡ, ಈ ಪೆಂಡಾಲು. ಹೊಳೆಯಾಚೆ ಗದಗಿನ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿ ನಾಡಿಗೇ ದಾರಿ ತೋರಿಸಿದರು. ಅದೇ ದಾರಿಯಲ್ಲಿ ನಾವೂ ನಾಲ್ಕು ಹೆಜ್ಜೆ ಇಟ್ಟಿದ್ದೇವೆ.

"ಸಹಕಾರ ಮತ್ತು ಶಿಕ್ಷಣ" ಎಂಬ ವಿಷಯದ ಮೇಲೆ ಮಾತಾಡಿರಿ ಎಂದು ಕಾರ್ಯದರ್ಶಿಗಳು ಹೇಳಿದರು. ವಿಷಯ ದೊಡ್ಡದು, ನಮ್ಮ ಬುದ್ಧಿ ಸಣ್ಣದು. ಅದಕ್ಕೇ ಒಬ್ಬರ ಕೆಲಸದ ಸುದ್ದಿ ಹೇಳಿ, ಅದರಿಂದ ನಮ್ಮ ಊರಿಗೆ ಏನು ಮಾಡಬಹುದು ಎಂದು ಕೇಳಿ ಕುಳಿತುಕೊಳ್ಳುತ್ತೇವೆ. ಅದಕ್ಕೂ ಮೊದಲು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ನಾವು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಾಸ್ತರಿಕೆ ಮಾಡಿದವರು. 1990ರ ದಶಕದ ಮಾತು. ನಮ್ಮ ತರಗತಿಗೆ ತಗಡಿನ ಮಾಡು. ಮೊಳೆ ಕಿತ್ತು ಹೋದ ಕಡೆ ತಗಡು ಹರಿದು ಸಣ್ಣ ಸಣ್ಣ ತೂತು ಬಿದ್ದಿದ್ದವು. ಮಧ್ಯಾಹ್ನದ ಹೊತ್ತು ಆ ತೂತುಗಳಿಂದ ಬಿಸಿಲು ಇಳಿದು ನೆಲದ ಮೇಲೆ ರೂಪಾಯಿ ಬಿಲ್ಲೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ನಾವು ಹಲಗೆಯ ಮೇಲೆ ಬೆಳಕಿನ ಪಾಠವನ್ನೇ ಬರೆಸುತ್ತಿದ್ದೆವು. ಆಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ, ಮ್ಯಾಲಿನ ತೂತು ಮೂರು ಮೂಲಿ ಐತಿ. ಕೆಳಗ ಬೆಳಕು ಯಾಕ ದುಂಡಗ ಬೀಳತೈತಿ?"

ನಾವು ತಲೆ ಎತ್ತಿ ನೋಡಿದೆವು. ಹೌದು, ತೂತು ಮೂರು ಮೂಲೆಯದು, ಬಿಲ್ಲೆ ದುಂಡಗೆ. ಅಷ್ಟು ವರ್ಷ ಅದೇ ಮಾಡಿನ ಕೆಳಗೆ ಕುಳಿತು ನಾವು ನೋಡಿಯೇ ಇರಲಿಲ್ಲ! ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. "ಪರೀಕ್ಷೆಗೆ ಬರೋದು ಓದು, ಸುಮ್ಮನೆ ಕೂಡು" ಎಂದು ಗದರಿಸಿದೆವು. ಹುಡುಗಿ ಕುಳಿತಳು. ಆಮೇಲೆ ಆಕೆ ನಮ್ಮ ತರಗತಿಯಲ್ಲಿ ಮತ್ತೊಂದು ಪ್ರಶ್ನೆ ಕೇಳಿದ್ದು ನಮಗೆ ನೆನಪಿಲ್ಲ. ಹತ್ತನೇ ತರಗತಿಗೆ ಸಾಲೆ ಬಿಟ್ಟಳು.

ಆ ಸಾಲೆಯಲ್ಲಿ ವಿಜ್ಞಾನದ ಸಾಮಾನಿನ ಒಂದು ಕಪಾಟೂ ಇತ್ತು. ಗಾಜಿನ ನಳಿಗೆ, ಮಸೂರ, ಅಯಸ್ಕಾಂತ ಎಲ್ಲ ಇದ್ದವು. ಆದರೆ ಒಡೆದರೆ ಯಾರು ಲೆಕ್ಕ ಕೊಡಬೇಕು? ಅದಕ್ಕೇ ಬೀಗ. ತನಿಖೆಗೆ ಸಾಹೇಬರು ಬಂದ ದಿನ ತೆಗೆದು ಧೂಳು ಒರೆಸುವುದು, ಅವರು ಹೋದ ಮೇಲೆ ಮತ್ತೆ ಬೀಗ. ಆ ಬೀಗದ ಕೈ ನಮ್ಮ ಜೇಬಿನಲ್ಲೇ ಇತ್ತು. ಬೇರೆಯವರನ್ನು ದೂರಿ ಏನು ಪ್ರಯೋಜನ?

ಉತ್ತರ ನಮಗೆ ಸಿಕ್ಕಿದ್ದು 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ. ಆಗ ನಿವೃತ್ತರಾಗಿದ್ದೆವು. ಗ್ರಹಣ ಬಿಡುವ ತನಕ ಹೊರಗೆ ಹೋಗಬೇಡಿರಿ ಎಂದು ಮನೆಯಲ್ಲಿ ಹೇಳಿದರೂ ಅಂಗಳಕ್ಕೆ ಬಂದೆವು. ಬೇವಿನ ಮರದ ಕೆಳಗೆ ಎಲೆ ಸಂದಿಯಿಂದ ಬಿದ್ದ ಬೆಳಕಿನ ಬಿಲ್ಲೆಗಳೆಲ್ಲ ಬಿದಿಗೆ ಚಂದ್ರನ ಹಾಗೆ ಕೊರೆದುಕೊಂಡಿದ್ದವು. ಒಂದಲ್ಲ, ನೂರಾರು. ಓಣಿಯ ಒಬ್ಬ ಸಣ್ಣ ವಯಸ್ಸಿನ ಮಾಸ್ತರರು ನಾಲ್ಕು ಹುಡುಗರನ್ನು ಕೂಡಿಸಿಕೊಂಡು ತೋರಿಸುತ್ತಿದ್ದರು. "ಇವು ತೂತಿನ ಆಕಾರ ಅಲ್ಲರೋ, ಸೂರ್ಯನ ಚಿತ್ರ. ಸೂರ್ಯ ದುಂಡಗಿದ್ದರೆ ಬಿಲ್ಲೆ ದುಂಡಗೆ, ಸೂರ್ಯ ಮುಕ್ಕಾದರೆ ಬಿಲ್ಲೆಯೂ ಮುಕ್ಕು" ಎಂದರು. ಇಪ್ಪತ್ತೈದು ವರ್ಷದ ಹಿಂದೆ ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಅಂಗಳದಲ್ಲೇ ಬಿದ್ದಿತ್ತು.

ಬೆಳಕು ನೇರವಾಗಿ ನಡೆಯುತ್ತದೆ. ಸಣ್ಣ ತೂತಿನಲ್ಲಿ ಹಾಯ್ದು ಬರುವಾಗ ಸೂರ್ಯನ ಒಂದೊಂದು ಭಾಗದ ಬೆಳಕು ನೆಲದ ಮೇಲೆ ತನ್ನ ತನ್ನ ಜಾಗದಲ್ಲಿ ಬೀಳುತ್ತದೆ. ಹಾಗಾಗಿ ಬಿಲ್ಲೆ ಎಂದರೆ ಸೂರ್ಯನ ಪ್ರತಿಬಿಂಬ. ಅಷ್ಟೇ ಅಲ್ಲ. ತೂತು ನೆಲದಿಂದ ಒಂಬತ್ತು ಅಡಿ ಎತ್ತರದಲ್ಲಿದ್ದರೆ ಬಿಲ್ಲೆ ಹೆಚ್ಚುಕಡಿಮೆ ಒಂದು ಅಂಗುಲ ಅಗಲ. ಒಂಬತ್ತು ಅಡಿ ಎಂದರೆ 108 ಅಂಗುಲ. ಅಂದರೆ ದೂರವನ್ನು 108 ಪಾಲು ಮಾಡಿದರೆ ಒಂದು ಪಾಲು ಬಿಲ್ಲೆಯ ಅಗಲ. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರು ದೂರ. ಅದನ್ನೂ 108 ಪಾಲು ಮಾಡಿರಿ. ಸುಮಾರು 14 ಲಕ್ಷ ಕಿಲೋಮೀಟರು ಬರುತ್ತದೆ. ಅದೇ ಸೂರ್ಯನ ಅಗಲ! ಹರಿದ ತಗಡು, ಒಂದು ಅಳತೆ ಪಟ್ಟಿ, ಒಂದು ಭಾಗಾಕಾರ. ಬಡ ಸಾಲೆಯ ಸೋರುವ ಮಾಡಿನ ಕೆಳಗೆ ಕುಳಿತು ಮಕ್ಕಳು ಸೂರ್ಯನನ್ನು ಅಳೆಯಬಹುದಿತ್ತು. ನಾವು ಅಳೆಯಗೊಡಲಿಲ್ಲ.

ಈ ಕಥೆ ಯಾಕೆ ಹೇಳಿದೆವು ಎಂದರೆ, ಹಳ್ಳಿಯ ಮಕ್ಕಳ ಇಂಥ ಪ್ರಶ್ನೆಗಳು ಸಾಯಬಾರದು ಎಂದು ದೊಡ್ಡ ನೌಕರಿ ಬಿಟ್ಟು ಬಂದ ಒಬ್ಬರಿದ್ದಾರೆ. ಅವರ ಹೆಸರು ರಾಮ್‌ಜಿ ರಾಘವನ್. ಬೆಂಗಳೂರಿನ ಅಗಸ್ತ್ಯ ಇಂಟರ್‌ನ್ಯಾಷನಲ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿದವರು. ಆ ಸಂಸ್ಥೆ ಹುಟ್ಟಿದ್ದು 1999ರಲ್ಲಿ. ಹೆಚ್ಚುಕಡಿಮೆ ನಮ್ಮ ಸಂಘದ ಓರಗೆಯದೇ. ಅದಕ್ಕೂ ಇಪ್ಪತ್ತೈದು ದಾಟಿದೆ.

ರಾಮ್‌ಜಿಯವರು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಯಲ್ಲಿ ಓದಿದವರು. ಅದು ಜೆ. ಕೃಷ್ಣಮೂರ್ತಿಯವರು ಸ್ಥಾಪಿಸಿದ ಶಾಲೆ. ಮರದ ಕೆಳಗೆ ಕುಳಿತು ನೋಡು, ಕೇಳು, ನೀನೇ ಕಂಡುಕೊ ಎಂದು ಕಲಿಸುವ ಶಾಲೆ. ಮುಂದೆ ದೆಹಲಿ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಲಂಡನ್ ಬಿಸಿನೆಸ್ ಸ್ಕೂಲಿನಲ್ಲಿ ಓದಿದರು. ಸಿಟಿಬ್ಯಾಂಕು ಮೊದಲಾದ ಕಡೆ ದೊಡ್ಡ ಹುದ್ದೆಗಳಲ್ಲಿ ಕೆಲಸ ಮಾಡಿದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಕೈತುಂಬ ಸಂಬಳ, ಪರದೇಶದ ಮನೆ. 1998ರಲ್ಲಿ ಅದನ್ನೆಲ್ಲ ಬಿಟ್ಟು ದೇಶಕ್ಕೆ ಮರಳಿದರು.

ಅವರು ಒಬ್ಬರೇ ಈ ಕೆಲಸಕ್ಕೆ ಇಳಿಯಲಿಲ್ಲ ಎಂಬುದನ್ನು ಸಹಕಾರಿಗಳಾದ ನಾವು ಗಮನಿಸಬೇಕು. ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ವಿಜ್ಞಾನಿ ಡಾ. ಪಿ.ಕೆ. ಅಯ್ಯಂಗಾರ್ ಅವರಂಥ ಹಿರಿಯರು ಮೊದಲಿನಿಂದಲೇ ಜೊತೆಗೂಡಿದರು. ಅಗಸ್ತ್ಯ ಎಂಬ ಹೆಸರೂ ಒಪ್ಪುವಂಥದ್ದು. ಬೆಳೆಯುತ್ತ ಹೊರಟ ವಿಂಧ್ಯ ಪರ್ವತವನ್ನು ತಗ್ಗಿಸಿ ದಕ್ಷಿಣಕ್ಕೆ ವಿದ್ಯೆ ತಂದ ಋಷಿ ಅಗಸ್ತ್ಯ ಎಂದು ನಾವು ಕೇಳಿದ್ದೇವೆ. ವಾತಾಪಿಯನ್ನು ಅರಗಿಸಿಕೊಂಡ ಕಥೆ ನಮ್ಮ ಬಾದಾಮಿಯದೇ. ವಿಜ್ಞಾನ ಎಂದರೆ ಹಳ್ಳಿಯ ಮಕ್ಕಳಿಗೆ ವಿಂಧ್ಯದಷ್ಟೇ ದೊಡ್ಡ ಗುಡ್ಡ. ಅದನ್ನು ತಗ್ಗಿಸಬೇಕಾಗಿತ್ತು.

ಹೇಗೆ ತಗ್ಗಿಸಿದರು? ದುಡ್ಡಿದ್ದವರು ಸಾಮಾನ್ಯವಾಗಿ ಒಂದು ಶಾಲೆ ಕಟ್ಟಿಸುತ್ತಾರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತಾರೆ. ಅದೂ ಒಳ್ಳೆಯದೇ. ಆದರೆ ಎಷ್ಟು ಒಳ್ಳೆಯ ಶಾಲೆ ಕಟ್ಟಿದರೂ ಅದು ಮುಟ್ಟುವುದು ಕೆಲವು ನೂರು ಮಕ್ಕಳನ್ನು. ಹಳ್ಳಿಹಳ್ಳಿಗೆ ಪ್ರಯೋಗಶಾಲೆ ಕಟ್ಟಲು ಹಣ ಸಾಲದು, ಕಟ್ಟಿದರೂ ವರ್ಷದ ಬಹಳ ದಿನ ಬೀಗ ಬಿದ್ದಿರುತ್ತದೆ. ನಾವು ಒಕ್ಕಲುತನದಲ್ಲಿ ಏನು ಮಾಡುತ್ತೇವೆ? ಎಲ್ಲರ ಮನೆ ಮುಂದೆಯೂ ಒಂದೊಂದು ಟ್ರ್ಯಾಕ್ಟರು ಇರುವುದಿಲ್ಲ. ಒಂದೇ ಟ್ರ್ಯಾಕ್ಟರು ಹತ್ತು ಹೊಲ ತಿರುಗುತ್ತದೆ. ಹಾಗೆಯೇ ಅವರು ಪ್ರಯೋಗಶಾಲೆಯನ್ನು ವ್ಯಾನಿನಲ್ಲಿ ಹೇರಿ ಊರೂರಿಗೆ ಕಳಿಸಿದರು. ಸಂಚಾರಿ ಪ್ರಯೋಗಾಲಯ ಎಂದರೆ ಇದೇ. ವ್ಯಾನು ಸಾಲೆಯ ಮುಂದೆ ನಿಲ್ಲುತ್ತದೆ. ಸಾಮಾನು ಇಳಿಯುತ್ತವೆ. ತಿಳಿಸಿಕೊಡುವ ಶಿಕ್ಷಕ ಮಾಡಿ ತೋರಿಸುತ್ತಾನೆ. ಆಮೇಲೆ ಮಕ್ಕಳೇ ಮುಟ್ಟಿ, ತಿರುಗಿಸಿ, ಬಿಚ್ಚಿ, ಜೋಡಿಸಿ ನೋಡಬೇಕು. ಬಹಳಷ್ಟು ಸಾಮಾನು ಅಗ್ಗದ್ದು: ಪ್ಲಾಸ್ಟಿಕ್ ಬಾಟಲಿ, ರಟ್ಟು, ಬಲೂನು, ನಳಿಗೆ, ಅಯಸ್ಕಾಂತ. ವ್ಯಾನು ಹೋಗದ ದಾರಿಗೆ ಮೋಟಾರ್ ಸೈಕಲ್ಲಿನ ಮೇಲೆ ಪೆಟ್ಟಿಗೆ ಕಟ್ಟಿ ಕಳಿಸಿದರು. ಈ ಮೋಟಾರ್ ಸೈಕಲ್ ಪ್ರಯೋಗಶಾಲೆಗೆ 2013ರಲ್ಲಿ ಗೂಗಲ್ ಕಂಪನಿಯ ದೊಡ್ಡ ಬಹುಮಾನ ಬಂತು.

ಎರಡನೆಯದು ಕುಪ್ಪಂ. ಆಂಧ್ರ, ತಮಿಳುನಾಡು, ಕರ್ನಾಟಕ ಮೂರೂ ಕೂಡುವ ಕಡೆ, ತೆಲುಗು, ತಮಿಳು, ಕನ್ನಡ ಮೂರೂ ಕಿವಿಗೆ ಬೀಳುವ ಸೀಮೆ. ಅಲ್ಲಿ 172 ಎಕರೆ ಬೋಳು ಗುಡ್ಡದ ನೆಲದಲ್ಲಿ ಗಿಡ ಹಚ್ಚಿ, ನೀರು ಹಿಡಿದು, ಮಕ್ಕಳಿಗಾಗಿ ವಿಜ್ಞಾನ, ಕಲೆ, ಪರಿಸರದ ಒಂದು ಊರನ್ನೇ ಕಟ್ಟಿದ್ದಾರೆ. ಸುತ್ತಲ ಸರಕಾರಿ ಸಾಲೆಗಳ ಮಕ್ಕಳು ಬಸ್ಸಿನಲ್ಲಿ ಬಂದು ದಿನವೆಲ್ಲ ನೋಡಿ, ಮಾಡಿ ಹೋಗುತ್ತಾರೆ. ನಮ್ಮ ಕಡೆಗೂ ಈ ಗಾಳಿ ಬೀಸದೆ ಇಲ್ಲ. ದೇಶಪಾಂಡೆ ಫೌಂಡೇಶನ್ನಿನ ನೆರವಿನಿಂದ ಹುಬ್ಬಳ್ಳಿಯಲ್ಲಿ ಅಗಸ್ತ್ಯದ ವಿಜ್ಞಾನ ಕೇಂದ್ರ ಶುರುವಾಯಿತು, ಆ ಭಾಗದ ಹಳ್ಳಿಗಳಿಗೆ ವ್ಯಾನುಗಳು ಓಡಾಡಿದವು.

ಮೂರನೆಯದು ನಮಗೆ ಎಲ್ಲಕ್ಕಿಂತ ಹಿಡಿಸಿದ್ದು. ಮಕ್ಕಳಿಂದಲೇ ಮಕ್ಕಳಿಗೆ ಪಾಠ. ಚುರುಕಾದ ಕೆಲವು ಹುಡುಗ ಹುಡುಗಿಯರನ್ನು ಆರಿಸಿ ತರಬೇತಿ ಕೊಟ್ಟು, ಅವರೇ ಉಳಿದವರಿಗೆ ಪ್ರಯೋಗ ತೋರಿಸುವ ಹಾಗೆ ಮಾಡಿದರು. ಮಾಸ್ತರರ ಮುಂದೆ ಬಾಯಿ ಬಿಡದ ಮಗು ತನ್ನ ಗೆಳತಿಯ ಮುಂದೆ "ಅದ್ಯಾಕ ಹಂಗ?" ಎಂದು ಕೇಳುತ್ತದೆ. ಕುಪ್ಪಂ ಸುತ್ತಲಿನ ಹಳ್ಳಿಗಳಲ್ಲಿ "ಆಪರೇಷನ್ ವಸಂತ" ಎಂಬ ಹೆಸರಿನಲ್ಲಿ ಆಯಾ ಊರಿನ ಸ್ವಯಂಸೇವಕರೇ ಸಂಜೆ ಮಕ್ಕಳನ್ನು ಕೂಡಿಸಿ ಕಲಿಸುವ ಏರ್ಪಾಡೂ ಬೆಳೆಯಿತು.

ಬಂಧುಗಳೇ, ಇಂಥವರನ್ನು ಈಗ ಸಾಮಾಜಿಕ ಉದ್ಯಮಿ ಎಂದು ಕರೆಯುತ್ತಾರೆ. ದಾನಿ ಎಂದರೆ ತನ್ನ ಗಂಟಿನಿಂದ ಕೊಟ್ಟು ಕೈ ಮುಗಿಯುವವನು. ಸಾಮಾಜಿಕ ಉದ್ಯಮಿ ವ್ಯಾಪಾರದಲ್ಲಿ ಕಲಿತ ಜಾಣತನವನ್ನು ಪರರ ಹಿತಕ್ಕೆ ಹೂಡುತ್ತಾನೆ. ರಾಮ್‌ಜಿಯವರು ಬ್ಯಾಂಕಿನಲ್ಲಿ ಕಲಿತದ್ದು ಏನು? ಹತ್ತು ಕಡೆಯ ಹಣವನ್ನು ಒಂದು ಕಡೆ ಕೂಡಿಸುವುದು, ಕೊಟ್ಟವರಿಗೆ ಲೆಕ್ಕ ಒಪ್ಪಿಸುವುದು, ಒಂದು ಕಡೆ ಫಲ ಕೊಟ್ಟದ್ದನ್ನು ನೂರು ಕಡೆ ನಡೆಸುವುದು. ಅದನ್ನೇ ಮಕ್ಕಳ ಕೆಲಸಕ್ಕೆ ಹಚ್ಚಿದರು. ಷೇರು ವ್ಯವಹಾರದಲ್ಲಿ ಹೆಸರಾಗಿದ್ದ ರಾಕೇಶ್ ಝುನ್‌ಝುನ್‌ವಾಲಾ (2022ರಲ್ಲಿ ತೀರಿಕೊಂಡರು) ಅವರಂಥವರು ಕೋಟಿಗಟ್ಟಲೆ ಕೊಟ್ಟರು, ಕಂಪನಿಗಳು ಕೊಟ್ಟವು, ಸರಕಾರಗಳು ಕೈಜೋಡಿಸಿದವು. ಇಷ್ಟು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಈ ಕೆಲಸ ಮುಟ್ಟಿದೆ ಎಂದು ಸಂಸ್ಥೆಯ ಲೆಕ್ಕ.

ಅವರ ಗುರಿಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, "ಹೌದ್ರಿ" ಎನ್ನುವ ಮಗುವನ್ನು "ಯಾಕ್ರಿ?" ಎನ್ನುವಂತೆ ಮಾಡುವುದು. ಅಂಜುವ ಮಗುವಿಗೆ ಧೈರ್ಯ ತುಂಬುವುದು. ಸುಮ್ಮನೆ ಕಣ್ಣು ಹಾಯಿಸುವವರು ನಿಂತು ನೋಡುವ ಹಾಗೆ ಮಾಡುವುದು. ನಾವು ಆ ಹುಡುಗಿಗೆ ಮಾಡಿದ್ದು ಇದಕ್ಕೆ ತೀರ ಉಲ್ಟಾ. ಕೇಳುತ್ತಿದ್ದವಳನ್ನು "ಹೌದ್ರಿ" ಎನ್ನುವಂತೆ ಮಾಡಿದೆವು.

ಕನ್ನಡ ನಾಡಿಗೆ ಇದು ಪೂರಾ ಹೊಸದೂ ಅಲ್ಲ. ಡಾ. ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲೂಕಿನ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಭೌತವಿಜ್ಞಾನದ ಮೇಷ್ಟರಾಗಿ, ಕುಲಪತಿಯಾಗಿ, ಕಡೆತನಕ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬಾಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಜನರಿಗೆ ವಿಜ್ಞಾನದ ಮಾತು ಕೇಳಿಸಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಿಂದ ಹಳ್ಳಿಹಳ್ಳಿಯ ಮಾಸ್ತರರನ್ನು ಕೂಡಿಸಿಕೊಂಡು ಈ ಕೆಲಸ ನಡೆಸಿಕೊಂಡು ಬಂದಿದೆ. ಅವರ "ಬಾಲ ವಿಜ್ಞಾನ" ಮಾಸಪತ್ರಿಕೆಯನ್ನು ನಮ್ಮಲ್ಲಿ ಓದಿದವರೂ ಇದ್ದೀರಿ. ನರಸಿಂಹಯ್ಯನವರು ಹಳ್ಳಿಯಿಂದ ಪಟ್ಟಣಕ್ಕೆ ನಡೆದು ಹೋಗಿ ವಿದ್ಯೆ ತಂದರು. ರಾಮ್‌ಜಿಯವರು ಪಟ್ಟಣದಿಂದ ಹಳ್ಳಿಗೆ ವಿದ್ಯೆಯನ್ನು ವ್ಯಾನಿನಲ್ಲಿ ತಂದರು. ಕೆಲಸ ಒಂದೇ.

ಇಷ್ಟು ಹೊಗಳಿದ ಮೇಲೆ ಒಂದು ಕೊರತೆಯನ್ನೂ ಹೇಳಲೇಬೇಕು. ವ್ಯಾನು ಬರುತ್ತದೆ, ಮಕ್ಕಳು ಕುಣಿಯುತ್ತಾರೆ, ವ್ಯಾನು ಹೋಗುತ್ತದೆ. ಮರುದಿನ? ಮತ್ತೆ ಅದೇ ಹಲಗೆ, ಅದೇ ನೋಟ್ಸು. ಜಾತ್ರೆಗೆ ಬಂದ ಬೆಂಡು ಬತ್ತಾಸಿನಿಂದ ವರ್ಷದ ಹೊಟ್ಟೆ ತುಂಬುವುದಿಲ್ಲ. ದಾನಿಗಳ ಹಣ ಇರುವ ತನಕ ವ್ಯಾನಿಗೆ ಎಣ್ಣೆ. ಅದಕ್ಕೇ ಆ ಸಂಸ್ಥೆಯವರೂ ಮಕ್ಕಳಿಂದಲೇ ಕಲಿಸುವ, ಊರವರಿಂದಲೇ ಸಂಜೆ ಪಾಠ ನಡೆಸುವ ದಾರಿ ಹಿಡಿದದ್ದು. ಹೊರಗಿನವರು ಕಿಡಿ ಹಚ್ಚಬಹುದು. ಒಲೆ ಉರಿಸುವವರು ಮನೆಯವರೇ ಆಗಬೇಕು.

ಆ ಮನೆಯವರು ಯಾರು? ನಾವು. ಈ ಸಂಘ.

ಬೆಳ್ಳಿಹಬ್ಬದ ತಯಾರಿಯ ಸಭೆಯಲ್ಲಿ ಈ ಮಾತು ತೆಗೆದಾಗ ಹಿರಿಯರೊಬ್ಬರು ಅಂದರು: "ಮಾಸ್ತರ, ಸಾಲಿ ನಡಸಾದು ಸರಕಾರದ್ದು. ಸಂಘ ಇರಾದು ಬೀಜ ಗೊಬ್ಬರಕ್ಕ. ನಮ್ಮ ರೊಕ್ಕ ಗಾಜಿನ ಬುಡ್ಡಿಗೆ ಹಾಕಬ್ಯಾಡ್ರಿ." ಅವರ ಮಾತಿನಲ್ಲಿ ಹುರುಳಿದೆ. ಸಂಘದ ರೊಕ್ಕ ಬೆವರಿನ ರೊಕ್ಕ. ಆದರೆ ಅವರಿಗೆ ಎರಡು ಸಂಗತಿ ತಿಳಿಸಬಯಸುತ್ತೇವೆ.

ಒಂದು, ಸಹಕಾರದ ತವರಿನ ಸುದ್ದಿ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನೇಕಾರರೂ ಕೂಲಿಕಾರರೂ ಕೂಡಿ ಒಂದು ಅಂಗಡಿ ತೆಗೆದರು. ಮಾರುತ್ತಿದ್ದುದು ಹಿಟ್ಟು, ಬೆಣ್ಣೆ, ಸಕ್ಕರೆ. ಮುಂದೆ ಅವರು ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ವಿದ್ಯೆಗೆಂದೇ ತೆಗೆದಿಟ್ಟರು. ಅಂಗಡಿಯ ಮೇಲೆ ವಾಚನಾಲಯ ಮಾಡಿದರು. ಪುಸ್ತಕದ ಜೊತೆಗೆ ಸೂಕ್ಷ್ಮದರ್ಶಕವನ್ನೂ ಸದಸ್ಯರಿಗೆ ಬಾಡಿಗೆಗೆ ಕೊಡುತ್ತಿದ್ದರು. ಹಿಟ್ಟಿನ ಅಂಗಡಿಯಲ್ಲಿ ಸೂಕ್ಷ್ಮದರ್ಶಕ! ಅದು ದಾನವಲ್ಲ, ಅವರ ಸಹಕಾರವೇ ಹಾಗಿತ್ತು. ಜಗತ್ತಿನ ಸಹಕಾರಿಗಳು 1995ರಲ್ಲಿ ಒಪ್ಪಿದ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ, ಏಳನೆಯದು ಸಮುದಾಯದ ಕಾಳಜಿ. ಆದ್ದರಿಂದ ಗಾಜಿನ ಬುಡ್ಡಿಯೂ ಸಹಕಾರದ ಲೆಕ್ಕಕ್ಕೇ ಸೇರಿದ್ದು.

ಎರಡು, ನಮ್ಮ ಮಕ್ಕಳ ಹೊಟ್ಟೆಪಾಡಿನ ಸಂಗತಿ. ನಮ್ಮ ಭಾಗಕ್ಕೆ 371ಜೆ ಬಂದ ಮೇಲೆ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟು ಮೀಸಲಾಗಿವೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಗೆ ಸೇರಿದರೂ ಹಡಗಲಿಗೆ ಆ ಹಕ್ಕು ಉಳಿದಿದೆ. ಆದರೆ ಆ ಸೀಟಿನ ಬಾಗಿಲು ತಟ್ಟಬೇಕಾದರೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿರಬೇಕು. ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? "ಸೈನ್ಸ್ ಬಿರಿ ಐತಿ, ನಮಗ ಆಗಂಗಿಲ್ಲ" ಎಂದು ಮಗುವಿಗಿಂತ ಮೊದಲು ತಾಯಿತಂದೆಯೇ ಅಂಜುತ್ತಾರೆ. ಹಕ್ಕು ಕಾಯದೆಯಿಂದ ಬರುತ್ತದೆ. ಧೈರ್ಯ ಕಾಯದೆಯಿಂದ ಬರುವುದಿಲ್ಲ. ಅದು ಏಳನೇ ಎಂಟನೇ ತರಗತಿಯಲ್ಲಿ ಕೈಯಿಂದ ಮುಟ್ಟಿ ನೋಡಿದಾಗ ಬರುತ್ತದೆ.

ಮುಟ್ಟಿ ನೋಡಲು ನಮ್ಮೂರಿನಲ್ಲಿ ಏನಿಲ್ಲ? ಮಲ್ಲಿಗೆ ನಮ್ಮ ಊರಿನ ಹೆಸರಿನಲ್ಲೇ ಇದೆ. ಹಿಂದೆ ಹಡಗಿನಲ್ಲಿ ಹಂಪಿಗೆ ಹೂವು ಹೋಗುತ್ತಿತ್ತು, ಅದಕ್ಕೇ ಹೂವಿನಹಡಗಲಿ ಎಂದು ಹಿರಿಯರು ಹೇಳುತ್ತಾರೆ. ಮೊಗ್ಗು ಸಂಜೆ ಹೊತ್ತಿಗೇ ಯಾಕೆ ಅರಳುತ್ತದೆ, ಘಮ ಕತ್ತಲಾದ ಮೇಲೇ ಯಾಕೆ ಹೆಚ್ಚು? ರಾತ್ರಿ ಹಾರುವ ಪತಂಗವನ್ನು ಕರೆಯಲಿಕ್ಕೆ. ಹೂವಿನ ಬುಟ್ಟಿಗೆ ಒದ್ದೆ ಬಟ್ಟೆ ಯಾಕೆ ಸುತ್ತುತ್ತೀರಿ? ನೀರು ಆರುವಾಗ ಶಾಖ ಎಳೆದುಕೊಳ್ಳುತ್ತದೆ, ಒಳಗೆ ತಂಪು. ಮಣ್ಣಿನ ಕೊಡದ ನೀರಿನ ಗುಟ್ಟೂ ಅದೇ. ನಮ್ಮ ತಾಯಂದಿರು ದಿನಾ ಮಾಡುವ ಪ್ರಯೋಗ ಇದು, ಹೆಸರು ಮಾತ್ರ ಗೊತ್ತಿಲ್ಲ.

ಮೈಲಾರದ ಕಾರ್ಣಿಕ ಕೇಳಿ ಮಳೆ ಬೆಳೆಯ ಅಂದಾಜು ಹಾಕುವ ಜನ ನಾವು. ಅದು ನಮ್ಮ ಭಕ್ತಿ, ಇರಲಿ. ಅದರ ಜೊತೆಗೆ ಸಾಲೆಯ ಅಂಗಳದಲ್ಲಿ ನೆಟ್ಟಗಿನ ಒಂದು ಡಬ್ಬಿ ಇಟ್ಟು ಮಕ್ಕಳು ಬಿದ್ದ ಮಳೆಯನ್ನು ಅಳೆಯಲಿ. ಒಂದು ಎಕರೆಗೆ 10 ಮಿಲಿಮೀಟರು ಮಳೆ ಬಿದ್ದರೆ ಸುಮಾರು 40 ಸಾವಿರ ಲೀಟರು ನೀರು. ಐದು ಸಾವಿರ ಲೀಟರಿನ ಟ್ಯಾಂಕರು ಎಂಟು! ಈ ಲೆಕ್ಕ ಮಗು ಮನೆಗೆ ತಂದರೆ ಬದು ಹಾಕುವ ಮಾತು ಅಪ್ಪನಿಗೂ ನಾಟುತ್ತದೆ.

ಆದ್ದರಿಂದ ಸಂಘದ ಮುಂದೆ ನಮ್ಮ ಕೋರಿಕೆ ಇಷ್ಟು. ಕಾಯದೆ ಪ್ರಕಾರ ತೆಗೆದಿಡಬೇಕಾದ ನಿಧಿಯನ್ನು ಮುಟ್ಟುವುದು ಬೇಡ. ಬೈಲಾ ಒಪ್ಪುವಷ್ಟರಲ್ಲಿ ಪ್ರತಿ ವರ್ಷದ ಲಾಭದಲ್ಲಿ ಒಂದು ಸಣ್ಣ ಪಾಲನ್ನು ಮಕ್ಕಳ ವಿಜ್ಞಾನಕ್ಕೆ ಎತ್ತಿಡಿರಿ. ಅದರಿಂದ ಒಂದು ಪೆಟ್ಟಿಗೆ ಸಾಮಾನು ಕೊಳ್ಳೋಣ. ಪೆಟ್ಟಿಗೆಗೆ ಬೀಗ ಬೇಡ. ಇದ್ದರೂ ಅದರ ಕೈ ಮಕ್ಕಳ ಹತ್ತಿರವೇ ಇರಲಿ. ನಮ್ಮ ಸಾಲದ ರಿಜಿಸ್ಟರಿನ ಹಾಗೆಯೇ ಒಂದು ಪುಸ್ತಕ ಇಟ್ಟು ಯಾರು ಒಯ್ದರು, ಯಾವಾಗ ತಂದರು ಎಂದು ಅವರೇ ಬರೆದುಕೊಳ್ಳಲಿ. ಒಡೆದರೆ ದಂಡ ಬೇಡ. ಯಾಕೆ ಒಡೆಯಿತು ಎಂದು ಬರೆದರೆ ಸಾಕು. ಊರಿನಲ್ಲಿ ಬಿಎಸ್ಸಿ ಓದಿ ಮನೆಯಲ್ಲಿ ಕುಳಿತ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಒಬ್ಬರಿಗೆ ಗೌರವಧನ ಕೊಟ್ಟು ವಾರಕ್ಕೆ ಎರಡು ಸಂಜೆ ಈ ಸಂಘದ ಜಗುಲಿಯ ಮೇಲೆ ಮಕ್ಕಳನ್ನು ಕೂಡಿಸೋಣ. ಸಾಲೆಯ ಮಾಸ್ತರರನ್ನೂ ಅಕ್ಕೋರನ್ನೂ ಕರೆಯೋಣ, ಅವರ ಕೆಲಸಕ್ಕೆ ನಾವು ಹೆಗಲು ಕೊಡುವುದೇ ಹೊರತು ಪೈಪೋಟಿ ಅಲ್ಲ. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಕಾರ್ಯದರ್ಶಿಗಳು ಜಮಾಖರ್ಚು ಓದಿದ ಮೇಲೆ ಮಕ್ಕಳು ತಮ್ಮ ಪ್ರಯೋಗ ತೋರಿಸಲಿ. ಅದೇ ಆ ಖರ್ಚಿನ ಆಡಿಟ್ಟು.

ಮಠಗಳ ಜೋಳಿಗೆಗೆ, ಹಾಸ್ಟೆಲುಗಳಿಗೆ ಮುಷ್ಟಿ ಮುಷ್ಟಿ ಜೋಳ ಹಾಕಿ ಮಕ್ಕಳನ್ನು ಓದಿಸಿದ ಸೀಮೆ ಇದು. ಕೋಟಿ ಕೊಡುವ ದಾನಿ ನಮ್ಮಲ್ಲಿ ಇಲ್ಲದಿರಬಹುದು. ಮುಷ್ಟಿ ಎಲ್ಲರಿಗೂ ಇದೆ. ನಮ್ಮ ಈ ವರ್ಷದ ಷೇರಿನ ಲಾಭಾಂಶವನ್ನು ಪೂರಾ ಈ ಪೆಟ್ಟಿಗೆಗೆ ಕೊಟ್ಟಿದ್ದೇವೆ. ದೊಡ್ಡ ಮೊತ್ತವಲ್ಲ, ಹೇಳಿಕೊಳ್ಳುವ ಹೆಮ್ಮೆಗೂ ಅಲ್ಲ. ಹಳೆಯ ಬಾಕಿ ತೀರಿಸಿದ್ದೇವೆ, ಅಷ್ಟೇ.

ಯಾವ ಬಾಕಿ ಎಂದು ಕೇಳುತ್ತೀರಿ. ಆ ಹುಡುಗಿ ಈಗ ನಮ್ಮ ಸಂಘದ ಸದಸ್ಯೆ. ಸಂಘದ ಸಾಲದಲ್ಲಿ ಮಲ್ಲಿಗೆ ಹಚ್ಚಿ, ಕಂತು ತಪ್ಪದೆ ಕಟ್ಟುತ್ತಾಳೆ. ಒಮ್ಮೆ ಕೌಂಟರಿನ ಮುಂದೆ ಭೇಟಿಯಾದಾಗ ನಗುತ್ತ ಕೇಳಿದಳು: "ಸರ, ಆವತ್ತು ಹೇಳಲೇ ಇಲ್ಲ ನೀವು. ತೂತು ಮೂರು ಮೂಲಿ ಇದ್ರ ಬೆಳಕು ಯಾಕ ದುಂಡಗ ಬೀಳ್ತಿತ್ತು? ಈಗರೆ ಹೇಳ್ರಿ." ಮರೆತಿರಲೇ ಇಲ್ಲ ಆಕೆ! ಹೂವು ಕಟ್ಟುತ್ತ, ಮಕ್ಕಳನ್ನು ಸಾಕುತ್ತ ಆ ಪ್ರಶ್ನೆಯನ್ನು ಸೆರಗಿನ ಗಂಟಿನಲ್ಲೇ ಇಟ್ಟುಕೊಂಡಿದ್ದಳು. ಅಲ್ಲೇ ಒಂದು ರಶೀದಿ ಕಾಗದಕ್ಕೆ ಮೊಳೆಯಿಂದ ತೂತು ಮಾಡಿ, ಹೊರಗೆ ಬಿಸಿಲಿಗೆ ಹಿಡಿದು ತೋರಿಸಿ ಹೇಳಿದೆವು. ಆಕೆ ಬಹಳ ಹೊತ್ತು ನೆಲ ನೋಡುತ್ತ ನಿಂತಳು. ಆಮೇಲೆ ಅಂದಳು: "ಇಷ್ಟಾ ಏನ್ರಿ? ಇದಕ್ಕ ನಾ ಅಂಜಿ ಕುಂತಿದ್ದೆ."

ಆಕೆಯ ಮಗಳು ಈಗ ಒಂಬತ್ತನೇ ತರಗತಿ. ಸೈನ್ಸ್ ತೆಗೆದುಕೊಳ್ಳಲೋ ಬೇಡವೋ ಎಂಬ ಮಾತು ಮನೆಯಲ್ಲಿ ನಡೆದಿದೆ. ಆ ಹುಡುಗಿ ಇವತ್ತು ಇದೇ ಜಮಖಾನದ ಮೇಲೆ ಕುಳಿತಿದ್ದಾಳೆ. ಹೆಸರು ಹೇಳುವುದಿಲ್ಲ, ನಾಚಿಕೊಳ್ಳುತ್ತಾಳೆ. ಅವ್ವನ ಹಾಗೆ ಆಕೆಯೂ ಉತ್ತರಕ್ಕೆ ಇಪ್ಪತ್ತೈದು ವರ್ಷ ಕಾಯುವುದು ಬೇಡ ಎಂದು ನಿರ್ದೇಶಕರಲ್ಲಿ, ಸದಸ್ಯರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇವೆ.

ಸಂಘ ಬೆಳ್ಳಿಯಿಂದ ಬಂಗಾರಕ್ಕೆ ಏರಲಿ. 

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.